ಹದಿನಾರು ತಿಂಗಳ ಹಿರಿತನ

ಹೆಡ್ ಮಾಸ್ಟರು ನಿವೃತ್ತರಾಗಿ ಹೋದ ಮೇಲೆ ಅವರ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕೆಂಬುದು ಇತ್ಯರ್ಥವಾಗದೆ ಸ್ಟಾಫ್ ರೂಮಿನ ಮೊಳೆಗೆ ನೇತುಬಿತ್ತು. ಮೊಳೆಯ ಕೆಳಗೊಂದು ಉದ್ದನೆಯ ಬೆಂಚು. ಬೆಂಚಿನ ಈ ತುದಿಯಲ್ಲಿ ಲೆಕ್ಕದ ಟೀಚರು, ಆ ತುದಿಯಲ್ಲಿ ಭೂಗೋಳದ ಮೇಷ್ಟ್ರು. ಹನ್ನೊಂದು ದಿನದಿಂದ ಬಿಡುವಿನ ಪೀರಿಯಡ್ಡಿನಲ್ಲಿ ಇವರಿಬ್ಬರೂ ಬೇರೆ ಕಡೆ ಕೂತದ್ದನ್ನು ಕಂಡವರಿಲ್ಲ. ಒಬ್ಬರು ನೀರು ಕುಡಿಯಲು ಎದ್ದರೆ ಇನ್ನೊಬ್ಬರಿಗೂ ಬಾಯಾರಿಕೆಯಾಗುತ್ತಿತ್ತು.

ಲೆಕ್ಕದ ಟೀಚರಿಗೆ ಆ ಕೋಣೆಯ ಮೇಲೆ ಮೂವತ್ತೊಂದು ವರ್ಷದ ಕಣ್ಣು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. "ನಂಗೆ ಹೆಡ್ ಆಗ್ಬೇಕು ಅಂತ ಆಸೆ ಇದೆ. ಆಸೆ ಇಲ್ಲ ಅನ್ನೋರನ್ನ ನಂಬಬೇಡಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದರು. ಗಿಡ್ಡ ಆಳು, ಬಿರುಸು ನಡಿಗೆ, ಬಲಗೈ ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. ಮೆಟ್ಟಿಲನ್ನು ಎರಡೆರಡಾಗಿ ಹತ್ತುವುದು ಅವರ ಚಾಳಿ.

ಭೂಗೋಳದ ಮೇಷ್ಟ್ರ ತಲೆ ಗುಂಡಗೆ, ನುಣ್ಣಗೆ. ಮಕ್ಕಳು ಅವರನ್ನು 'ಗ್ಲೋಬು' ಎಂದು ಕರೆಯುತ್ತಿದ್ದದ್ದು ಅವರಿಗೂ ಗೊತ್ತು. ಅವರೂ ಲೆಕ್ಕದ ಟೀಚರೂ ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಸೀನಬೇಕು ಎಂಬಂಥ ಪೈಪೋಟಿ. ಒಂದೇ ಕಾಲೇಜಿನಲ್ಲಿ ತರಬೇತಿ ಪಡೆದರು, ಈ ಹೈಸ್ಕೂಲಿಗೆ ಒಂದೇ ದಿನ ಬಂದು ಸೇರಿದರು. ಮೇಷ್ಟ್ರು ಅಂಚೆಯ ಮೂಲಕ ಎಂ.ಎ.ಗೆ ಅರ್ಜಿ ಹಾಕಿದ್ದು ಗೊತ್ತಾದ ಮರುದಿನವೇ ಟೀಚರು ಎಂ.ಎಸ್ಸಿ.ಗೆ ಹಾಕಿದರು. ಟೀಚರು ಶಾಲಾ ಆಡಳಿತದ ಡಿಪ್ಲೊಮಾ ಮಾಡಲು ಹೊರಟಾಗ ಮೇಷ್ಟ್ರು ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಕ್ಕಳೆದುರು 'ಏನು ಮೇಡಂ', 'ಹೇಳಿ ಸರ್'. ಮಕ್ಕಳು ಆಚೆ ಹೋದರೆ 'ಏನೇ', 'ಹೋಗೋ'.

ಇವರಿಬ್ಬರಿಗಿಂತ ಎರಡು ವರ್ಷ ಮೊದಲೇ ಸೇರಿದ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರು. ಸೇವಾ ಹಿರಿತನದ ಪ್ರಕಾರ ಕುರ್ಚಿ ಅವರದೇ. ಆದರೆ ಹೆಡ್ ಆಗುವವರಿಗೆ ಪದವಿ ಬೇಕು, ಮೇಲೊಂದು ಶಿಕ್ಷಕ ತರಬೇತಿ ಬೇಕು; ಅವರ ಬಳಿ ಇದ್ದದ್ದು ಚಿತ್ರಕಲೆಯ ಡಿಪ್ಲೊಮಾ ಒಂದೇ. 'ತಮಗೆ ಅರ್ಹತೆ ಸಾಲದು' ಎಂದು ಶಿಕ್ಷಣ ಕಚೇರಿಯಿಂದ ಕಾಗದ ಬಂದ ದಿನ ಅವರು ಸ್ಟಾಫ್ ರೂಮಿಗೆಲ್ಲ ಬಿಸ್ಕತ್ತು ಹಂಚಿದರು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಇನ್ನು ನೀವುಂಟು, ಕುರ್ಚಿ ಉಂಟು," ಎಂದು ಬೆಂಚಿನ ಎರಡು ತುದಿಗೂ ಒಂದೊಂದು ಬಿಸ್ಕತ್ತು ಕೊಟ್ಟು ಹೋದರು.

ಹನ್ನೆರಡನೆಯ ದಿನ ಕಚೇರಿಯಿಂದ ಎರಡನೆಯ ಕಾಗದ ಬಂತು. ಒಂದೇ ಕಾಗದ, ಇಬ್ಬರ ಹೆಸರಿಗೂ. ಡ್ರಾಯಿಂಗ್ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಓದಿದರು. ವಿದ್ಯಾರ್ಹತೆ ಸಮ. ತರಬೇತಿ ಸಮ. ಸೇವೆಗೆ ಸೇರಿದ ದಿನ ಒಂದೇ. ಅಂದು ಮೊದಲು ಸಹಿ ಮಾಡಿದವರಾರೆಂದು ಹಾಜರಿ ಪುಸ್ತಕ ತರಿಸಿ ನೋಡಲಾಗಿ, ಆ ಕಾಲದಲ್ಲಿ ಗಂಡಸರಿಗೊಂದು ಪುಟ, ಹೆಂಗಸರಿಗೊಂದು ಪುಟ ಇದ್ದು, ತಮ್ಮ ತಮ್ಮ ಪುಟದಲ್ಲಿ ಇಬ್ಬರೂ ಮೊದಲಿಗರಾಗಿದ್ದಾರೆ. ಇಂಥ ಸಂದರ್ಭದಲ್ಲಿ ವಯಸ್ಸಿನಲ್ಲಿ ಹಿರಿಯರಾದವರಿಗೆ ಬಡ್ತಿ ಕೊಡತಕ್ಕದ್ದು. ಆದರೆ ಇಬ್ಬರ ಜನ್ಮದಿನಾಂಕವೂ ಒಂದೇ ಆಗಿರುವುದರಿಂದ, ವಯಸ್ಸಿನ ಬಗ್ಗೆ ಬೇರೆ ಪುರಾವೆ ಇದ್ದಲ್ಲಿ ಮುಂದಿನ ಶುಕ್ರವಾರದೊಳಗೆ ಹಾಜರುಪಡಿಸುವುದು. ತಪ್ಪಿದಲ್ಲಿ ಹೊರಗಿನಿಂದ ಒಬ್ಬರನ್ನು ನೇಮಿಸಲಾಗುವುದು.

"ಜನ್ಮದಿನ ಒಂದೇ ಹೇಗಾಗುತ್ತೆ? ನೀವೇನು ಅವಳಿ ಜವಳಿನಾ?" ಡ್ರಾಯಿಂಗ್ ಮೇಷ್ಟ್ರು ಕನ್ನಡಕ ತೆಗೆದು ಕೇಳಿದರು.

ಸಂಗತಿ ಸರಳವಾಗಿತ್ತು. ಅವರಿಬ್ಬರನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಹಳೆಯ ಮೇಷ್ಟ್ರು ಹುಟ್ಟಿದ ದಿನದ ಚೀಟಿ ಗೀಟಿ ಕೇಳುವವರಲ್ಲ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಆರು ತುಂಬಿತು. ಮುಟ್ಟಿದವರೆಲ್ಲರಿಗೂ ಒಂದೇ ತಾರೀಖು ಬರೆದುಬಿಡುತ್ತಿದ್ದರು. ಹೀಗಾಗಿ ಆ ವರ್ಷ ಶಾಲೆಗೆ ಸೇರಿದ ನಲವತ್ತೆರಡು ಮಕ್ಕಳೂ ಸರ್ಕಾರದ ಲೆಕ್ಕದಲ್ಲಿ ಒಂದೇ ದಿನ ಹುಟ್ಟಿದವರು.

"ಹಾಗಾದ್ರೆ ಅದನ್ನೇ ಈಗ ಮಾಡಿ. ಯಾರ ಕೈ ಮೊದಲು ಕಿವಿ ಮುಟ್ಟುತ್ತೋ ಅವರು ಹೆಡ್ಡು," ಎಂದರು ಡ್ರಾಯಿಂಗ್ ಮೇಷ್ಟ್ರು.

ತಮಾಷೆಗೆಂದು ಆಡಿದ ಮಾತು. ಆದರೆ ಬೆಂಚಿನ ಎರಡು ತುದಿಯಲ್ಲೂ ಬಲಗೈಗಳು ಆಗಲೇ ಮೇಲೆದ್ದಿದ್ದವು. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ ಟೀಚರ ಭುಜ ಅರ್ಧದಲ್ಲಿಯೇ ಹಿಡಿದುಕೊಂಡು, ಕೈ ನೆತ್ತಿಯ ಮೇಲೆ ಕೊಡೆಯ ಹಾಗೆ ನಿಂತಿತು. ಮೇಷ್ಟ್ರ ಕೈ ನುಣುಪು ತಲೆಯ ಮೇಲೆ ಜಾರಿ ಜಾರಿ ಹಣೆಗೆ ಬರುತ್ತಿತ್ತು. "ಮೋಸ ಮಾಡ್ಬೇಡ್ವೇ, ಕತ್ತು ಬಗ್ಗಿಸ್ತಿದೀಯ," ಎಂದರು ಅವರು. "ನೀನು ಮೊದಲು ನಿನ್ನ ಕಿವಿ ಎಲ್ಲಿದೆ ಅಂತ ಹುಡುಕ್ಕೋ," ಎಂದರು ಇವರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಹಾಜರಿ ಪುಸ್ತಕ ಒಯ್ಯಲು ಬಂದ ಎಂಟನೇ ಕ್ಲಾಸಿನ ಲೀಡರ್ ಹುಡುಗಿ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು. ಟೀಚರಿಗೆ ಕೈ ಇಳಿಸಲು ಆಗುತ್ತಿಲ್ಲ, ನಗು ತಡೆಯಲೂ ಆಗುತ್ತಿಲ್ಲ. ಡ್ರಾಯಿಂಗ್ ಮೇಷ್ಟ್ರು ಅವರ ಕೈಯನ್ನು ನಿಧಾನಕ್ಕೆ ಕೆಳಗಿಳಿಸಿಕೊಟ್ಟರು. ಅಂದು ಎಂಟನೇ ಕ್ಲಾಸಿನಲ್ಲಿ ತ್ರಿಕೋನ ಬರೆಯುತ್ತಾ ಬರೆಯುತ್ತಾ ಟೀಚರು ಮೂರು ಸಲ ಬೋರ್ಡಿಗೆ ಮುಖ ಮಾಡಿ ನಕ್ಕರು.

ಆಮೇಲಿನ ದಿನಗಳಲ್ಲಿ ಶಾಲೆ ಹಿಂದೆಂದೂ ಕಾಣದ ನೋಟ ಕಂಡಿತು. ಲೋಕವೆಲ್ಲ ಎಳೆಯರಾಗಿ ಕಾಣಲು ಹೆಣಗಿದರೆ ಇಲ್ಲಿಬ್ಬರು ಮುದುಕರಾಗಲು ಓಡುತ್ತಿದ್ದರು. ಮೇಷ್ಟ್ರು ಮೀಸೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದರು. ನಾಲ್ಕು ದಿನದಲ್ಲಿ ಬುಡ ಬೆಳ್ಳಗೆ ತುದಿ ಕಪ್ಪಗೆ ಆಗಿ, ಮೀಸೆಯೊಳಗೇ ಹಗಲೂ ರಾತ್ರಿಯೂ ಕಾಣತೊಡಗಿತು. ಎರಡೆರಡು ಮೆಟ್ಟಿಲು ಹಾರುತ್ತಿದ್ದ ಟೀಚರು ಈಗ ಅರ್ಧಕ್ಕೆ ನಿಂತು, ಮಂಡಿಯ ಮೇಲೆ ಕೈಯಿಟ್ಟು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡು ನರಳುತ್ತಿದ್ದರು.

"ನಮ್ಮ ಕಾಲದಲ್ಲಿ ಹೀಗಿರ್ಲಿಲ್ಲಪ್ಪ," ಎಂದು ಟೀಚರು ಮಾತು ತೆಗೆದರೆ, "ನಿಮ್ಮ ಕಾಲ ಶುರುವಾಗೋ ಹೊತ್ತಿಗೆ ನಮ್ಮ ಕಾಲ ಮುಗಿದೇ ಹೋಗಿತ್ತು ಮೇಡಂ," ಎನ್ನುತ್ತಿದ್ದರು ಮೇಷ್ಟ್ರು.

ಆದರೆ ನರಳುವುದನ್ನು ಕಚೇರಿ ಪುರಾವೆ ಎಂದು ಒಪ್ಪುವುದಿಲ್ಲವಲ್ಲ. ಮಂಗಳವಾರ ಸಂಜೆ ಟೀಚರು ಮನೆಗೆ ಬಂದವರೇ ನೇರವಾಗಿ ಅಮ್ಮನ ಕೋಣೆಗೆ ಹೋದರು.

ಮನೆಯ ಮುಂದಿನ ಕೋಣೆ ಗಂಡನದು. ಅವರು ಗಡಿಯಾರ ರಿಪೇರಿಯವರು; ಕಿಟಕಿಯ ಪಕ್ಕದ ಮೇಜಿನಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಕೂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕದಲುವವರಲ್ಲ. ಗೋಡೆಯ ತುಂಬ ಹತ್ತಾರು ಗಡಿಯಾರ ಟಿಕ್ಕೆನ್ನುತ್ತಿದ್ದವು. ಮನೆಯಲ್ಲಿ ಕೆಟ್ಟು ನಿಂತ ಗಡಿಯಾರ ಎಂದರೆ ಒಂದೇ, ಅತ್ತೆಯದು. ಮರದ ಪೆಟ್ಟಿಗೆಯ ಹಳೆಯ ಮೇಜು ಗಡಿಯಾರ. ಮದುವೆಯಾದಾಗಿನಿಂದ ಅಳಿಯ ಅದನ್ನು ಸರಿಮಾಡಿ ಕೊಡುತ್ತೇನೆಂದು ಕೇಳಿದ್ದೂ ಕೇಳಿದ್ದೇ. "ನನ್ನ ಗಡಿಯಾರ ಮುಟ್ಟಬೇಡಿ ಅಳಿಯಂದಿರೇ, ಅದು ಹಾಗೇ ಇರ್ಲಿ," ಎಂದು ಅತ್ತೆ ಒಂದೇ ಪಟ್ಟು. ತನ್ನ ಕೈಕಸುಬಿನ ಮೇಲೆ ಅತ್ತೆಗೆ ನಂಬಿಕೆಯಿಲ್ಲ ಎಂಬ ಕೊರಗು ಆ ಸಮಾಧಾನಿ ಮನುಷ್ಯನ ಏಕೈಕ ಕೊರಗಾಗಿತ್ತು.

"ಅಮ್ಮ, ನಾನು ನಿಜವಾಗ್ಲೂ ಹುಟ್ಟಿದ್ದು ಯಾವತ್ತು?" ಟೀಚರು ಮಂಚದ ಮೇಲೆ ಕೂತು ಕೇಳಿದರು.

ಎಂಬತ್ತನಾಲ್ಕರ ಅಮ್ಮ ಬಟ್ಟೆ ಮಡಚುತ್ತಿದ್ದವರು ತಲೆಯೆತ್ತಲಿಲ್ಲ. "ಸರ್ಟಿಫಿಕೇಟಲ್ಲಿ ಬರೆದಿದ್ಯಲ್ಲ."

"ಅದು ಮೇಷ್ಟ್ರು ಬರೆದಿದ್ದು. ನೀನು ಹೆತ್ತಿದ್ದು ಯಾವತ್ತು ಅಂತ."

"ಈಗ್ಯಾಕೆ ಅದೆಲ್ಲ?"

ಟೀಚರು ಕಾಗದದ ವಿಚಾರ, ಶುಕ್ರವಾರದ ಗಡುವಿನ ವಿಚಾರ ಎಲ್ಲ ಬಿಡಿಸಿ ಹೇಳಿದರು. ಅಮ್ಮ ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಅಳಿಯಂದಿರಿಗೆ ಕೇಳ್ಸುತ್ತೆ."

"ಕೇಳ್ಸಿದ್ರೇನು?"

"ಏನಂತೀಯ. ಸಂಬಂಧ ಕೂಡಿ ಬಂದಾಗ ಅವರ ತಾಯಿ ಕೇಳಿದ ಮೊದಲನೇ ಮಾತೇ, ಹುಡುಗಿ ನಮ್ಮ ಹುಡುಗನಿಗಿಂತ ಚಿಕ್ಕವಳು ತಾನೇ ಅಂತ. ಎಂಟು ತಿಂಗಳು ಚಿಕ್ಕವಳು, ಬೇಕಾದ್ರೆ ಸರ್ಟಿಫಿಕೇಟ್ ನೋಡಿ ಅಂದೆ. ಕೊಟ್ಟ ಮಾತು. ಈಗ ಹೋಗಿ ತಪ್ಪಲಾ?"

ಟೀಚರ ಲೆಕ್ಕದ ಮನಸ್ಸು ತಾನಾಗಿ ಓಡತೊಡಗಿತು. "ಅಂದ್ರೆ ನಾನು ಅದಕ್ಕಿಂತ ದೊಡ್ಡವಳು. ಎಷ್ಟು ದೊಡ್ಡವಳು?"

ಅಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಿನ್ನನ್ನ ಅದರ ಹಿಂದಿನ ವರ್ಷವೇ ಸ್ಕೂಲಿಗೆ ಹಾಕ್ಬೇಕಿತ್ತು. ಆಗ ನಿನ್ನ ತಮ್ಮ ಹುಟ್ಟಿದ. ನಾನು ಹೊಲಿಗೆ ಕೆಲಸಕ್ಕೆ ಹೋಗ್ಬೇಕು, ತೊಟ್ಟಿಲು ತೂಗೋರು ಯಾರೂ ಇಲ್ಲ. ನಿನ್ನನ್ನೇ ಮನೇಲಿ ಇಟ್ಕೊಂಡೆ. ಬೆಳಗ್ಗೆ ಮಕ್ಕಳೆಲ್ಲ ಸ್ಲೇಟು ಹಿಡ್ಕೊಂಡು ಹೋಗ್ತಿದ್ರೆ ನೀನು ಕಿಟಕಿ ಸರಳು ಹಿಡ್ಕೊಂಡು ನೋಡ್ತಿದ್ದೆ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ. ಹೋದ ಮಕ್ಕಳು ಎಷ್ಟು, ವಾಪಸ್ ಬಂದ ಮಕ್ಕಳು ಎಷ್ಟು ಅಂತ ದಿನಾ ಎಣಿಸಿ ನಂಗೆ ಹೇಳ್ತಿದ್ದೆ. ನಿನ್ನ ಒಂದು ವರ್ಷ ನಾನು ತಿಂದ್ಹಾಕ್ದೆ ಅಂತ ಈಗ್ಲೂ ಅನ್ಸುತ್ತೆ."

ಟೀಚರಿಗೆ ಇದೊಂದೂ ನೆನಪಿರಲಿಲ್ಲ. ಅಮ್ಮನ ಕೈ ಹಿಡಿದುಕೊಂಡು, "ಎಣಿಸೋದು ಅಲ್ಲಿಂದ್ಲೇ ಶುರುವಾಯ್ತು ಅನ್ನು. ಆ ವರ್ಷ ಪೋಲಾಗಿಲ್ಲ ಬಿಡು," ಎಂದರು. "ಎಲ್ಲಾದ್ರೂ ಬರೆದಿಟ್ಟಿದೀಯ?"

ಅಮ್ಮ ಎದ್ದು ಗೂಡಿನಲ್ಲಿದ್ದ ಗಡಿಯಾರ ಎತ್ತಿ ತಂದು ಮಗಳ ತೊಡೆಯ ಮೇಲಿಟ್ಟರು. "ಇದರೊಳಗಿದೆ. ಹೆರಿಗೆ ಆಸ್ಪತ್ರೆ ಚೀಟಿ. ಹರಿದು ಹಾಕೋಕೆ ಮನಸ್ಸು ಬರ್ಲಿಲ್ಲ. ಅಳಿಯಂದಿರ ಕೈಗೆ ಸಿಗದ ಜಾಗ ಬೇರೆ ಹೊಳೀಲಿಲ್ಲ."

ಊರೆಲ್ಲ ಹುಡುಕಿದ ಕೂಸು ಕಂಕುಳಲ್ಲೇ ಇತ್ತು. ಆದರೆ ಗಡಿಯಾರದ ಹಿಂಬಾಗಿಲ ತಿರುಪು ತುಕ್ಕು ಹಿಡಿದಿತ್ತು. ಹೇರ್ ಪಿನ್ನಿನಿಂದ ಪ್ರಯತ್ನಿಸಿದರು, ಚಾಕುವಿನ ತುದಿಯಿಂದ ಪ್ರಯತ್ನಿಸಿದರು. ತಾಯಿ ಮಗಳು ಇಬ್ಬರೂ ಅದನ್ನು ಹಿಡಿದು ಎಳೆದಾಡುತ್ತಿರುವಾಗ ಬಾಗಿಲು ತೆರೆದುಕೊಂಡಿತು. ಗಂಡ ನಿಂತಿದ್ದರು, ಭೂತಗನ್ನಡಿ ಇನ್ನೂ ಕಣ್ಣಲ್ಲೇ ಇತ್ತು.

"ಚಾಕು ಹಾಕ್ತಿದೀರಾ ಅದಕ್ಕೆ?" ಎಂದರು, ಯಾರನ್ನೋ ಕೊಲ್ಲುವುದನ್ನು ಕಂಡವರ ಹಾಗೆ.

ಅವರ ಕೈಗೆ ಕೊಟ್ಟರೆ ಅರ್ಧ ನಿಮಿಷದ ಕೆಲಸ. ಎಣ್ಣೆಯ ಒಂದು ಹನಿ, ತಿರುಪುಳಿಯ ಎರಡು ಸುತ್ತು. ಒಳಗೆ ಹಲ್ಲುಚಕ್ರಗಳ ನಡುವೆ ನಾಲ್ಕು ಮಡಿಕೆಯಾಗಿ ಸಿಕ್ಕಿಕೊಂಡಿದ್ದ ಹಳದಿ ಚೀಟಿಯನ್ನು ಚಿಮಟದಿಂದ ಎಳೆದು ಹೆಂಡತಿಯ ಕೈಗಿಟ್ಟರು. ಟೀಚರು ಬಿಡಿಸಿ ಓದಿದರು. ಹೆಣ್ಣು ಮಗು. ಎರಡೂ ಮುಕ್ಕಾಲು ಕಿಲೋ. ಬೆಳಗ್ಗೆ ಹತ್ತು ಗಂಟೆ ಐದು ನಿಮಿಷ. ತಾರೀಖು, ಆಸ್ಪತ್ರೆಯ ಮೊಹರು. ಸರ್ಟಿಫಿಕೇಟಿಗಿಂತ ಸರಿಯಾಗಿ ಹದಿನಾರು ತಿಂಗಳು ಮುಂಚೆ.

"ರೀ," ಎಂದರು ಟೀಚರು, ಹೇಗೆ ಹೇಳುವುದೆಂದು ತಿಳಿಯದೆ. "ನಾನು ನಿಮಗಿಂತ ಎಂಟು ತಿಂಗಳು ದೊಡ್ಡವಳು."

ಅಮ್ಮ ಗೋಡೆಯ ಕಡೆ ತಿರುಗಿ ಕೂತರು. ಗಂಡ ಗಡಿಯಾರವನ್ನು ಕಿವಿಗೆ ಹಿಡಿದರು. ಒಮ್ಮೆ ಕೀ ಕೊಟ್ಟರು. ಅದು ಗಂಟಲು ಸರಿಮಾಡಿಕೊಂಡು ಟಿಕ್, ಟಿಕ್ ಎಂದಿತು.

"ಇದಕ್ಕೆ ಏನೂ ಆಗೇ ಇರ್ಲಿಲ್ಲ. ಆ ಚೀಟಿನೇ ಚಕ್ರಕ್ಕೆ ಅಡ್ಡ ಬಂದಿದ್ದು," ಎಂದರು, ಮುಖ ಅರಳಿಸಿಕೊಂಡು. "ಅತ್ತೆ, ಹಾಗಾದ್ರೆ ನಿಮಗೆ ನನ್ನ ಕೆಲಸದ ಮೇಲೆ ಬೇಜಾರೇನೂ ಇರ್ಲಿಲ್ಲ?"

"ಅಯ್ಯೋ, ನಿಮ್ಮಂಥ ಕೆಲಸಗಾರರು ಉಂಟಾ," ಎಂದರು ಅತ್ತೆ ಗೋಡೆಗೇ.

"ಅಷ್ಟು ಸಾಕು." ಅವರು ಬಾಗಿಲವರೆಗೆ ಹೋಗಿ ತಿರುಗಿದರು. ಹೆಂಡತಿಯತ್ತ ನೋಡಿ ಬಹಳ ವಿನಯದಿಂದ, "ತಾವು ಟೀ ಕುಡೀತೀರಾ? ಹಿರಿಯರು ಬೇರೆ," ಎಂದರು. ಟೀಚರು ದಿಂಬು ಎಸೆದರು. ಅದು ಅಮ್ಮನಿಗೆ ಬಿತ್ತು. ಅಮ್ಮನೂ ನಗತೊಡಗಿದ ಮೇಲೆ ಮೂವರಿಗೂ ಬಹಳ ಹೊತ್ತು ನಿಲ್ಲಿಸಲಾಗಲಿಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿ ಟೀಚರು ಶಿಕ್ಷಣ ಕಚೇರಿಗೆ ಹೋದರು. ಕಾಲು ನೆಲದ ಮೇಲೆ ಊರುತ್ತಿರಲಿಲ್ಲ. ಮೂರು ಅಂತಸ್ತಿನ ಮೆಟ್ಟಿಲು ಹತ್ತುವಾಗ ನರಳುವುದನ್ನೇ ಮರೆತಿದ್ದರು. ಬಡ್ತಿ ವಿಭಾಗದಲ್ಲಿ ಫೈಲುಗಳ ಎರಡು ಗುಡ್ಡೆಗಳ ನಡುವೆ ಒಬ್ಬಳು ಗುಮಾಸ್ತೆ ಕೂತಿದ್ದಳು. ಮೂವತ್ತರ ಆಸುಪಾಸು, ಕಿವಿಗೆ ಪೆನ್ನು. ಅವಳೆದುರಿನ ಕುರ್ಚಿಯಲ್ಲಿ ಗ್ಲೋಬು ಆಗಲೇ ಬಂದು ಕೂತಾಗಿತ್ತು.

"ನಮ್ಮಣ್ಣ ಬರೆದುಕೊಟ್ಟ ಪತ್ರ ಇದು," ಎನ್ನುತ್ತಿದ್ದರು ಮೇಷ್ಟ್ರು. "ದೊಡ್ಡ ಬಿರುಗಾಳಿ ಬಂದ ವರ್ಷ ನಾನು ಹುಟ್ಟಿದ್ದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಸರ್ಟಿಫಿಕೇಟಿಗಿಂತ ನಾನು ಎರಡು ವರ್ಷ ದೊಡ್ಡವನು."

ಗುಮಾಸ್ತೆ ಬೆರಳು ಮಡಿಸಿ ಎಣಿಸಿದಳು. "ಸರ್, ನಿಮಗೀಗ ದಾಖಲೆ ಪ್ರಕಾರ ಐವತ್ತೆಂಟು ವರ್ಷ ನಾಲ್ಕು ತಿಂಗಳು. ಎರಡು ವರ್ಷ ಸೇರಿಸಿದ್ರೆ ಅರವತ್ತು ವರ್ಷ ನಾಲ್ಕು ತಿಂಗಳು. ಅರವತ್ತಕ್ಕೆ ನಿವೃತ್ತಿ. ಅಂದ್ರೆ ನೀವು ನಾಲ್ಕು ತಿಂಗಳ ಹಿಂದೆನೇ ನಿವೃತ್ತಿ ಆಗಿದೀರಿ. ಇವತ್ತು ಇಲ್ಲಿಗೆ ಯಾವ ಕೆಲಸದ ಮೇಲೆ ಬಂದ್ರಿ?"

ಮೇಷ್ಟ್ರು ಎರಡು ಬಣ್ಣದ ಮೀಸೆಯನ್ನೊಮ್ಮೆ ಸವರಿಕೊಂಡರು. ಆಮೇಲೆ ಬಹಳ ನಾಜೂಕಾಗಿ ಪತ್ರವನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡರು. "ನಮ್ಮಣ್ಣನಿಗೆ ಈಚೆಗೆ ಮರೆವು ಜಾಸ್ತಿ."

"ಅಣ್ಣಂದಿರ ಪತ್ರ ಹೇಗೂ ನಡೆಯಲ್ಲ ಸರ್. ಆ ಕಾಲದ ಆಸ್ಪತ್ರೆ ದಾಖಲೆ ಇದ್ರೆ ಮಾತ್ರ. ನಿಮ್ಮದೇನು ಮೇಡಂ?"

ಟೀಚರು ಚೀಲಕ್ಕೆ ಕೈ ಹಾಕಿದವರು ಹಾಗೇ ನಿಂತರು. ಗೆದ್ದೆನೆಂಬ ಗುಂಗಿನಲ್ಲಿ ಈ ಎರಡು ದಿನ ಹೊಳೆಯದೇ ಹೋದದ್ದು ಈಗ ಹೊಳೆಯಿತು. ಐವತ್ತೆಂಟು ವರ್ಷ ನಾಲ್ಕು ತಿಂಗಳಿಗೆ ಹದಿನಾರು ತಿಂಗಳು ಸೇರಿಸಿದರೆ ಐವತ್ತೊಂಬತ್ತು ವರ್ಷ ಎಂಟು ತಿಂಗಳು. ಉಳಿಯುವುದು ನಾಲ್ಕು ತಿಂಗಳು. ಊರಿಗೆಲ್ಲ ಕೂಡುವುದು ಕಳೆಯುವುದು ಕಲಿಸಿದವರು ತಮ್ಮ ಆಯುಷ್ಯವನ್ನೇ ಕಳೆಯುವುದು ಮರೆತಿದ್ದರು.

"ಐದು ನಿಮಿಷ," ಎಂದು ಹೊರಗೆ ಬಂದರು. ಹಿಂದೆಯೇ ಮೇಷ್ಟ್ರೂ ಬಂದರು. ಮೊಗಸಾಲೆಯ ಕೊನೆಯಲ್ಲಿ ಟೀ ಮಾರುವವನೊಬ್ಬನಿದ್ದ. ಎರಡು ಲೋಟ ಹಿಡಿದು ಇಬ್ಬರೂ ಕಿಟಕಿಕಟ್ಟೆಗೆ ಒರಗಿದರು. ಟೀಚರು ಚೀಟಿ ತೋರಿಸಿದರು. ಮೇಷ್ಟ್ರು ಎರಡು ಸಲ ಓದಿದರು.

"ಕೊಡ್ಬೇಡ ಕಣೇ," ಎಂದರು. ಆ ದನಿಯಲ್ಲಿ ಪೈಪೋಟಿಯ ಸುಳಿವೂ ಇರಲಿಲ್ಲ. "ಒಂದೂಕಾಲು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಹೋಗುತ್ತೆ. ಹುಚ್ಚಾ ನಿಂಗೆ? ಹೊರಗಿನೋರು ಯಾರಾದ್ರೂ ಬಂದು ಕೂರ್ಲಿ. ನಾವಿಬ್ರೂ ಬೆಂಚ್ ಮೇಲೆ ಕೂತು ಅವರನ್ನ ಆಡ್ಕೊಳೋಣ."

ಟೀಚರು ಚೀಲದಿಂದ ಪೆನ್ನು ತೆಗೆದು, ಅವರ ಅಣ್ಣನ ಪತ್ರವನ್ನು ಕಿತ್ತುಕೊಂಡು ಹಿಂದುಗಡೆ ಬರೆಯತೊಡಗಿದರು. "ನೋಡು. ಕೊಡದೇ ಇದ್ರೆ, ನಂಗೆ ಸೊನ್ನೆ, ನಿಂಗೆ ಸೊನ್ನೆ. ಕೊಟ್ರೆ, ನಾನು ನಾಲ್ಕು ತಿಂಗಳು ಹೆಡ್ಡು. ನಾನು ಹೋದ್ಮೇಲೆ ನಿಂಗೆ ಸಮ ಯಾರಿದ್ದಾರೆ? ಯಾರೂ ಇಲ್ಲ. ನೀನು ಹದಿನಾರು ತಿಂಗಳು ಹೆಡ್ಡು. ಒಟ್ಟು ಇಪ್ಪತ್ತು. ಒಂದು ದಿನಾನೂ ಹೊರಗಿನೋರಿಗೆ ಹೋಗಲ್ಲ."

ಮೇಷ್ಟ್ರು ಕೂಡಿದ್ದನ್ನೇ ಮತ್ತೆ ಕೂಡಿ ನೋಡಿದರು. ಆಮೇಲೆ ಅವರ ಮುಖ ಸಪ್ಪಗಾಯಿತು. "ನಿಂಗೆ ನಾಲ್ಕು, ನಂಗೆ ಹದಿನಾರು. ಇದ್ಯಾವ ನ್ಯಾಯ?"

"ನಾನು ಲೆಕ್ಕದ ಟೀಚರು ಕಣೋ. ನ್ಯಾಯ ಬೇಕಾದ್ರೆ ಕೋರ್ಟಿಗೆ ಹೋಗು."

"ನಾಲ್ಕು ತಿಂಗಳು ಅಂದ್ರೆ ಒಂದು ಟರ್ಮೂ ಸರಿಯಾಗಿ ಆಗಲ್ವೇ."

ಟೀಚರು ಟೀ ಮುಗಿಸಿ ಲೋಟ ಕೆಳಗಿಟ್ಟರು. ಮನಸ್ಸನ್ನು ಕೇಳಿಕೊಂಡರು. ಮನೆಯಲ್ಲಿ ಕೂತು ಮಾಡುವುದಕ್ಕೆ ಅವರಿಗೆ ಕೆಲಸವಿರಲಿಲ್ಲ ಎಂದಲ್ಲ, ಕ್ಲಾಸು ಬಿಟ್ಟು ಹೋಗುವ ಸಂಕಟ ಇರಲಿಲ್ಲ ಎಂದೂ ಅಲ್ಲ. ಆದರೆ ಆ ಬೀಗದ ಕೈ, ಆ ಬಾಗಿಲು, ಅದನ್ನು ತಾನೇ ತೆಗೆಯುವುದು ಎಂದು ನೆನೆಸಿಕೊಂಡ ಕೂಡಲೇ ಮೊಗಸಾಲೆಯುದ್ದಕ್ಕೂ ಕುಂಟಾಬಿಲ್ಲೆ ಆಡಿಕೊಂಡು ಹೋಗಬೇಕು ಎನ್ನಿಸಿತು. ಐವತ್ತೆಂಟರಲ್ಲಿ, ಅಲ್ಲ, ಐವತ್ತೊಂಬತ್ತು ಮುಕ್ಕಾಲರ ಹತ್ತಿರದಲ್ಲಿ ಹಾಗೆ ಆಗುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ.

"ನಾಲ್ಕು ತಿಂಗಳು ಅಂದ್ರೆ ನೂರಿಪ್ಪತ್ತು ದಿನ," ಎಂದು ನಡೆದೇಬಿಟ್ಟರು.

ಗುಮಾಸ್ತೆ ಚೀಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿಯೂ ನೋಡಿದಳು. "ಮೇಡಂ, ಒಂದ್ಸಲ ಯೋಚ್ನೆ ಮಾಡಿ. ಇಲ್ಲಿಗೆ ಬರೋರೆಲ್ಲ ವಯಸ್ಸು ಕಡಿಮೆ ಮಾಡಿಸ್ಕೊಳೋಕೆ ಬರ್ತಾರೆ. ಅದಕ್ಕೆ ಅವಕಾಶ ಇಲ್ಲ ಅಂತ ನಿಯಮ ಇದೆ. ಜಾಸ್ತಿ ಮಾಡಿಸ್ಕೊಳೋಕೆ..." ಅವಳು ನಿಯಮದ ದಪ್ಪ ಪುಸ್ತಕ ತೆಗೆದು ಹುಡುಕಿದಳು, ಇನ್ನೊಂದು ಪುಸ್ತಕವನ್ನೂ ಹುಡುಕಿದಳು. "ಬೇಡ ಅಂತ ಎಲ್ಲೂ ಬರೆದಿಲ್ಲ. ಇಲ್ಲಿವರೆಗೆ ಯಾರೂ ಕೇಳಿಲ್ಲ ಅನ್ಸುತ್ತೆ."

"ನಾನು ಕೇಳ್ತಿದೀನಿ. ಬರ್ಕೊಳಮ್ಮ."

"ನನ್ನದೂ ಏನೂ ತಕರಾರಿಲ್ಲ ಅಂತ ಬರ್ಕೊಳಿ," ಎಂದರು ಹಿಂದೆ ನಿಂತಿದ್ದ ಮೇಷ್ಟ್ರು. "ಮೇಡಂ ನಮಗಿಂತ ಹಿರಿಯರು ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಬಂದಿದೀನಿ." ಟೀಚರು ತಿರುಗಿ ನೋಡಿದ ನೋಟಕ್ಕೆ ಅವರು ಚಾವಣಿಯನ್ನು ನೋಡತೊಡಗಿದರು.

ಹದಿಮೂರು ದಿನ ಕಚೇರಿಯೊಳಗೆ ಆ ಚೀಟಿ ಮೇಜಿನಿಂದ ಮೇಜಿಗೆ ಅಲೆದಾಡಿತು. ಕಚೇರಿಯವರು ಅದನ್ನು ಆಸ್ಪತ್ರೆಯ ಹಳೆಯ ಪುಸ್ತಕದೊಂದಿಗೆ ತಾಳೆ ನೋಡಿ ಬರೆಸಿಕೊಂಡು ಬಂದರು. ಹೊರಗಿನಿಂದ ಬರಬೇಕಾಗಿದ್ದವರಿಗೆ ಬೇರೆ ಶಾಲೆ ತೋರಿಸಿದರು. ಹದಿನಾಲ್ಕನೆಯ ದಿನ ಆದೇಶ ಬಂತು. ಒಂದೇ ಹಾಳೆಯಲ್ಲಿ ಎರಡು ಪ್ಯಾರಾ: ಮೊದಲನೆಯದರಲ್ಲಿ ಬಡ್ತಿ, ಎರಡನೆಯದರಲ್ಲಿ ನಿವೃತ್ತಿಯ ತಾರೀಖು. ಡ್ರಾಯಿಂಗ್ ಮೇಷ್ಟ್ರು ಓದಿ, "ಅಭಿನಂದನೆ ಹೇಳ್ಬೇಕೋ ಬೀಳ್ಕೊಡುಗೆ ಭಾಷಣ ಮಾಡ್ಬೇಕೋ ತಿಳೀತಿಲ್ಲ. ಎರಡಕ್ಕೂ ಸೇರಿಸಿ ಒಂದೇ ಸಲ ಬಿಸ್ಕತ್ತು ತರ್ತೀನಿ," ಎಂದರು.

ಮರುದಿನ ಬೆಳಗ್ಗೆ ಗಂಡ ಅವರ ಕೈಗಡಿಯಾರವನ್ನು ಒರೆಸಿ, ಸಮಯ ಸರಿಮಾಡಿ ಕೊಟ್ಟರು. ಅಮ್ಮ ಬಾಗಿಲವರೆಗೆ ಬಂದು, ಒಂದನೇ ಕ್ಲಾಸಿಗೆ ಕಳಿಸುವ ಮಗುವಿನ ಹಾಗೆ ಸೆರಗು ಎಳೆದು ನೇರ ಮಾಡಿದರು. ಟೀಚರು ಶಾಲೆಗೆ ಎಲ್ಲರಿಗಿಂತ ಮೊದಲೇ ಹೋಗಿ ಬೀಗದ ಕೈ ತೆಗೆದುಕೊಂಡರು. ಕೋಣೆಯಲ್ಲಿ ಒಂದು ಮೇಜು, ಒಂದು ಕಪಾಟು, ಕೂತರೆ ಕಿರ್ರೆನ್ನುವ ಕುರ್ಚಿ. ಕೂತರು. ಕಿರ್ರೆಂದಿತು. ಎದ್ದು ಮತ್ತೊಮ್ಮೆ ಕೂತರು.

ಆಮೇಲೆ ಅವರಿಗೆ ಕೂರಲು ಪುರುಸೊತ್ತಾಗಲಿಲ್ಲ. ಮೂವತ್ತೊಂದು ವರ್ಷ ಎದೆಯಲ್ಲಿಟ್ಟುಕೊಂಡ ಪಟ್ಟಿಗೆ ಉಳಿದದ್ದು ನೂರೈದೇ ದಿನ. ಊಟ ಮಾಡಿ ಮಕ್ಕಳು ತೂಕಡಿಸುವ ಹೊತ್ತಿನಲ್ಲಿ ಲೆಕ್ಕದ ಪೀರಿಯಡ್ಡು ಇಟ್ಟದ್ದು ಯಾವ ಪುಣ್ಯಾತ್ಮನೋ. ಹನ್ನೊಂದು ಗಂಟೆಯೊಳಗೆ ವೇಳಾಪಟ್ಟಿಯನ್ನು ತಲೆಕೆಳಗು ಮಾಡಿದರು. ಬೀಗ ಹಾಕಿಟ್ಟಿದ್ದ ಪುಸ್ತಕದ ಕಪಾಟನ್ನು ಕಾರಿಡಾರಿಗೆ ಎಳೆಸಿ ಬಾಗಿಲನ್ನೇ ಬಿಚ್ಚಿಸಿದರು. ಹೆಣ್ಣುಮಕ್ಕಳ ಕಡೆಯ ಸೋರುವ ನಲ್ಲಿಗೆ ಪ್ಲಂಬರನ್ನು ಕರೆಸಿ, ಅವನು ಮುಗಿಸುವ ತನಕ ಪಕ್ಕದಲ್ಲೇ ನಿಂತರು. ಡ್ರಾಯಿಂಗ್ ಮೇಷ್ಟ್ರಿಗೆ ಊಟದ ಕೋಣೆಯ ಉದ್ದನೆಯ ಗೋಡೆಯನ್ನೇ ಬಿಟ್ಟುಕೊಟ್ಟು, "ಏನು ಬೇಕಾದ್ರೂ ಬಿಡಿಸಿ, ಯಾರೂ ಕೇಳಲ್ಲ," ಎಂದರು. ಇಷ್ಟು ದಿನ ಆ ಮನುಷ್ಯನಿಗೆ ಯಾರೂ ಗೋಡೆ ಕೊಟ್ಟಿರಲಿಲ್ಲ. ಅವರು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡೇ ಗೋಡೆಯೆದುರು ಅರ್ಧ ಗಂಟೆ ನಿಂತಿದ್ದರು.

ಕೊನೆಯ ಪೀರಿಯಡ್ಡಿಗೆ ಟೀಚರು ಮೊಗಸಾಲೆಯಲ್ಲಿ ಸುತ್ತು ಹೊರಟರು. ಮೊದಲ ಕ್ಲಾಸಿನ ಬಾಗಿಲೆದುರು ಬಂದಾಗ ಐವತ್ತು ಮಕ್ಕಳು ಬೆಂಚು ದಡಬಡಿಸಿ ಎದ್ದು ನಿಂತವು. ಎರಡನೆಯದರಲ್ಲೂ ಎದ್ದವು. ಅವರು ನಡೆದಂತೆಲ್ಲ ಒಂದರ ಹಿಂದೊಂದು ಕ್ಲಾಸು ಎದ್ದು, ಅವರು ದಾಟಿದಂತೆಲ್ಲ ಒಂದರ ಹಿಂದೊಂದು ಕೂತು, ಇಡೀ ಶಾಲೆಯೇ ಅಲೆಯ ಹಾಗೆ ಏರಿ ಇಳಿಯಿತು. ಕೊನೆ ತಲುಪಿದ ಟೀಚರು ಆ ಕಡೆ ಈ ಕಡೆ ನೋಡಿ, ಏನೋ ಮರೆತವರ ಹಾಗೆ ತಿರುಗಿ ಮತ್ತೆ ಅದೇ ದಾರಿಯಲ್ಲಿ ಬಂದರು. ಮತ್ತೆ ಎದ್ದವು, ಮತ್ತೆ ಕೂತವು. ಮೂರನೆಯ ಸಲ ಹತ್ತನೇ ಕ್ಲಾಸಿನ ಎದುರು ಬಂದಾಗ ಭೂಗೋಳದ ಮೇಷ್ಟ್ರು ನಕ್ಷೆಯ ಕೋಲು ಹಿಡಿದು ಬಾಗಿಲಿಗೇ ಬಂದು ನಿಂತಿದ್ದರು.

"ಏನಾದ್ರೂ ಬೇಕಿತ್ತಾ ಮೇಡಂ?" ಎಂದರು ಮಕ್ಕಳಿಗೆ ಕೇಳುವಂತೆ. ಆಮೇಲೆ ತುಟಿ ಅಲುಗಿಸದೆ, "ಸಾಕು ಮಾಡೇ. ಮಕ್ಕಳ ಮಂಡಿ ನೋಯುತ್ತೆ," ಎಂದರು.

"ಪಾಠ ಮುಂದುವರಿಸಿ ಸರ್," ಎಂದರು ಹೆಡ್ ಮಿಸ್ಟ್ರೆಸ್ಸು, ಗಂಭೀರವಾಗಿ. ಮೊಗಸಾಲೆಯ ಕೊನೆಯವರೆಗೆ ನಡೆದುಹೋದರು. ಬೆಲ್ಲಿಗೆ ಇನ್ನೂ ಏಳು ನಿಮಿಷವಿತ್ತು. ತಿರುಗಿದರು.